ಎದುರಾಳಿಯ ಕುರ್ಚಿ

ಗಾರ್ಡ್ ಮಾವ ಸತ್ತ ಆಟದಲ್ಲಿ ಗೆದ್ದವರು ಯಾರು ಎಂಬ ಪ್ರಶ್ನೆ ನಮ್ಮ ಕ್ಲಬ್ಬಿನಲ್ಲಿ ಹದಿನೇಳು ದಿನ ಇತ್ಯರ್ಥವಾಗದೆ ಉಳಿದಿತ್ತು. ಅಷ್ಟು ದಿನವೂ ಪೂಲ್ ಟೇಬಲ್ಲಿನ ಚೆಂಡುಗಳನ್ನು ಯಾರೂ ಮುಟ್ಟಲಿಲ್ಲ. ಅವುಗಳಿಗೆ ತಾಗದಂತೆ ಮೇಲೆ ಹಲಗೆ ಜೋಡಿಸಿ, ಹಲಗೆಯ ಮೇಲೆ ಬಿಳಿ ಬಟ್ಟೆ ಹೊದಿಸಿದ್ದರು. ಊರಲ್ಲಿಲ್ಲದ ಸದಸ್ಯರೊಬ್ಬರು ವಾರದ ಮೇಲೆ ಮೆಟ್ಟಿಲು ಹತ್ತಿ ಬಂದವರು ಅದನ್ನು ಕಂಡು, ಮಾವನನ್ನು ಇನ್ನೂ ಸಾಗಿಸಿಲ್ಲವೆಂದೇ ತಿಳಿದು, ಎರಡು ನಿಮಿಷ ತಲೆ ತಗ್ಗಿಸಿ ನಿಂತು ಹೊರಟುಹೋದರು. ಯಾರೂ ಅವರನ್ನು ತಿದ್ದಲಿಲ್ಲ.

ಸತ್ತವರು ಗಾರ್ಡ್ ಮಾವ, ಕೊಂದವರು ನನ್ನ ಚಿಕ್ಕಪ್ಪ. ಊರು ಹೇಳಿದ್ದು ಹೀಗೆ. ಪೊಲೀಸರು ಮಾತ್ರ ಹಾಗೆ ಬರೆದುಕೊಳ್ಳಲಿಲ್ಲ.

ಚಿಕ್ಕಪ್ಪನದು ಕನ್ನಡಕದ ಅಂಗಡಿ. ಇಡೀ ಬೀದಿಯ ಕಣ್ಣಿನ ನಂಬರು ಅವರ ಬಾಯಲ್ಲಿದೆ. ಆದರೆ ಬೀದಿಯವರು ಅವರನ್ನು ಕರೆಯುವುದು ‘ಇನ್ನೊಂದ್ನಿಮಿಷ’ ಎಂದು. ಚೌಕಟ್ಟಿನ ಸ್ಕ್ರೂ ಬಿಗಿ ಮಾಡಿ ಎಂದರೆ ಇನ್ನೊಂದ್ನಿಮಿಷ, ಊಟಕ್ಕೆ ಏಳಿ ಎಂದರೆ ಇನ್ನೊಂದ್ನಿಮಿಷ. ನೋಡಿ ಬಂದ ಹುಡುಗಿಗೆ ಹ್ಞೂ ಎನ್ನಲು ಹನ್ನೊಂದು ತಿಂಗಳು ತೆಗೆದುಕೊಂಡರೆಂದು ಆ ಹುಡುಗಿಯೇ, ಅಂದರೆ ನನ್ನ ಚಿಕ್ಕಮ್ಮ, ಇವತ್ತಿಗೂ ಹೇಳುತ್ತಾರೆ.

ಗಾರ್ಡ್ ಮಾವ ನಿವೃತ್ತ ರೈಲ್ವೆ ಗಾರ್ಡು, ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯವರು. ಇಬ್ಬರೂ ಟೈರ್ ಅಂಗಡಿಯ ಮಹಡಿಯ ಮೇಲಿನ ಕ್ಲಬ್ಬಿನಲ್ಲಿ ಹದಿನಾಲ್ಕು ವರ್ಷದಿಂದ ಪ್ರತಿ ಭಾನುವಾರ ಪೂಲ್ ಆಡುತ್ತಿದ್ದರು. ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬರಿಗೆ ಪೂರಾ ಬಣ್ಣದ ಏಳು ಚೆಂಡು, ಇನ್ನೊಬ್ಬರಿಗೆ ಪಟ್ಟೆಯ ಏಳು. ಬಿಳಿ ಚೆಂಡನ್ನು ಕೋಲಿನಿಂದ ಹೊಡೆದು, ಅದರಿಂದ ತಮ್ಮ ಏಳನ್ನೂ ಕುಳಿಗೆ ಕಳಿಸಿ, ಕೊನೆಗೆ ಎಂಟನೇ ನಂಬರಿನ ಕಪ್ಪು ಚೆಂಡನ್ನು ಬೀಳಿಸಿದವರು ಗೆದ್ದರು. ಆ ಹೊಡೆತದಲ್ಲಿ ಕಪ್ಪಿನ ಜೊತೆ ಬಿಳಿಯೂ ಕುಳಿಗೆ ಬಿತ್ತೋ, ಅಲ್ಲಿಗೇ ಸೋತರು.

ಆಟದ ಮೊದಲ ಹೊಡೆತ ಬ್ರೇಕು. ತ್ರಿಕೋನದಲ್ಲಿ ಒತ್ತಿ ಕೂಡಿಸಿದ ಹದಿನೈದು ಚೆಂಡನ್ನು ಚದುರಿಸುವುದು. ಗಾರ್ಡ್ ಮಾವನ ಬ್ರೇಕಿಗೆ ಕೆಳಗಿನ ಅಂಗಡಿಯವರು ಟೈರ್ ಸಿಡಿಯಿತೆಂದು ಹೊರಗೆ ಓಡಿ ಬಂದದ್ದುಂಟು. “ಹಸಿರು ಬಾವುಟ ಬೀಸಿದ್ಮೇಲೆ ಗಾಡಿ ಹೋಗ್ಲೇಬೇಕು” ಎನ್ನುವರು. ಚಿಕ್ಕಪ್ಪನ ಸಿದ್ಧಾಂತ ಬೇರೆ. “ಹೊಡೆಯೋದೇನು, ಎತ್ತೂ ಹೊಡೆಯುತ್ತೆ. ಚದುರಿದ ಮೇಲೆ ಲಾಭ ಯಾರಿಗೆ, ಅದನ್ನ ಮೊದ್ಲು ಲೆಕ್ಕ ಹಾಕ್ಬೇಕು. ನೀವು ಚದುರಿಸ್ತೀರಿ, ಒಂದೂ ಬೀಳಲ್ಲ, ಬಯಲಾಗಿ ಬಿದ್ದಿದ್ದೆಲ್ಲ ನನ್ನ ಪಾಲು.” ಆದ್ದರಿಂದ ಅವರು ಬ್ರೇಕನ್ನು ಹೊಡೆಯುತ್ತಿರಲಿಲ್ಲ, ತಟ್ಟಿ ಎಬ್ಬಿಸುತ್ತಿದ್ದರು. ಕನಿಷ್ಠ ನಾಲ್ಕು ಚೆಂಡು ಅಂಚಿನ ರಬ್ಬರಿಗೆ ತಾಗಬೇಕೆಂಬ ನಿಯಮವಿದೆ. ನಾಲ್ಕನೆಯದು ತಾಗಿತೋ ಇಲ್ಲವೋ ನೋಡಲು ಸೆಕ್ರೆಟರಿ ಟಾರ್ಚು ಹಿಡಿದು ಮೇಜಿನ ಮೇಲೆ ಕೆನ್ನೆ ಇಡಬೇಕಾಗುತ್ತಿತ್ತು.

ಇಷ್ಟಾದರೂ ಪರವಾಗಿರಲಿಲ್ಲ. ಎರಡು ವರ್ಷದ ಹಿಂದೆ ಚಿಕ್ಕಪ್ಪ ಒಂದು ಹೊಡೆತಕ್ಕೆ ಇಪ್ಪತ್ತು ನಿಮಿಷ ಯೋಚಿಸಿ ಬಗ್ಗಿದ್ದಾಗ ಎದುರಾಳಿ ಹಲ್ಲಿನ ಡಾಕ್ಟರು ಕೆಮ್ಮಿಬಿಟ್ಟರು. ಹೊಡೆತ ಕೆಟ್ಟಿತು. ಚಿಕ್ಕಪ್ಪ ಸಮಿತಿಗೆ ಮೂರು ಪುಟದ ಅರ್ಜಿ ಕೊಟ್ಟು, ಒಂದು ಹೊಸ ನಿಯಮ ಮಾಡಿಸಿ, ಸ್ವಂತ ಖರ್ಚಿನಲ್ಲಿ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದರು:

‘ಸರದಿ ಇಲ್ಲದ ಆಟಗಾರರು ತಮ್ಮ ಕುರ್ಚಿಯಲ್ಲಿ ಕುಳಿತಿರತಕ್ಕದ್ದು. ಏಳುವುದು, ಕೆಮ್ಮುವುದು, ಮಾತಾಡುವುದು, ಕೋಲಿನಿಂದ ನೆಲ ಕುಟ್ಟುವುದು ಕೂಡದು. ಕುಳಿತವರನ್ನು ಮೂರನೆಯವರು ಮಾತಾಡಿಸಕೂಡದು.’

ಈ ನಿಯಮವನ್ನು ಗಾರ್ಡ್ ಮಾವ ಪಾಲಿಸಿದಷ್ಟು ಚೆನ್ನಾಗಿ ಯಾರೂ ಪಾಲಿಸಲಿಲ್ಲ.

ಅಂದು ಕ್ಲಬ್ಬಿನ ವಾರ್ಷಿಕ ಫೈನಲ್. ಸಂಜೆ ನಾಲ್ಕು ಗಂಟೆ. ಇಬ್ಬರೂ ಎರಡೆರಡು ಆಟ ಗೆದ್ದು ಐದನೆಯದಕ್ಕೆ ಬಂದಿದ್ದರು. ಕಿಟಕಿಯ ಕೆಳಗಿನ ಸಣ್ಣ ಮೇಜಿನ ಮುಂದೆ ಕೂತು ಪ್ರತಿ ಹೊಡೆತಕ್ಕೆ ಹಿಡಿದ ಸಮಯ ಬರೆಯುವುದು ನನ್ನ ಕೆಲಸ. ಆಟ ಇಷ್ಟು ನಿಧಾನವಾಗುವುದು ಯಾರಿಂದ ಎಂದು ಕಂಡುಹಿಡಿಯಲು ಸಮಿತಿಯೇ ಆ ಪುಸ್ತಕ ಇಡಿಸಿತ್ತು. ಊರಿನ ಮಕ್ಕಳಿಗೂ ಗೊತ್ತಿದ್ದದ್ದನ್ನು ಕಂಡುಹಿಡಿಯಲು ಇನ್ನೂರು ಪುಟದ ಪುಸ್ತಕ. ಅಕ್ಷರ ದುಂಡಗಿದೆ, ಡಿಗ್ರಿ ಆದ ಮೇಲೆ ಕೆಲಸವಿಲ್ಲ, ಮಾತು ಕಡಿಮೆ ಎಂಬ ಮೂರು ಅರ್ಹತೆಯ ಮೇಲೆ ನನ್ನನ್ನು ಕೂರಿಸಿದ್ದರು.

ನಾಲ್ಕು ಗಂಟೆ ಏಳು ನಿಮಿಷಕ್ಕೆ ಸರದಿ ಚಿಕ್ಕಪ್ಪನಿಗೆ ಬಂತು. ಅವರಿಗೆ ಉಳಿದದ್ದು ಕಪ್ಪು ಚೆಂಡೊಂದೇ. ಅದು ಮೂಲೆಯ ಕುಳಿಯ ಬಾಯಲ್ಲೇ ಕೂತಿತ್ತು. ಬಿಳಿ ಚೆಂಡು ಮೇಜಿನ ಆ ತುದಿಯಲ್ಲಿ, ದಾರ ಹಿಡಿದಂತೆ ಅದೇ ಗೆರೆಯಲ್ಲಿ. ನೇರ ಹೊಡೆದರೆ ಕಪ್ಪು ಬೀಳುವುದು ಖಂಡಿತ, ಅದರ ಬೆನ್ನಿಗೇ ಬಿಳಿ ಬೀಳುವುದೂ ಖಂಡಿತ. ಅಂಚಿನ ರಬ್ಬರಿಗೆ ಬಡಿಸಿ ಬಳಸಿ ತಂದರೆ ಬಿಳಿ ಉಳಿಯುತ್ತದೆ, ಆದರೆ ಗುರಿ ತಪ್ಪಬಹುದು. ತಪ್ಪಿದರೆ ಮಾವನಿಗೆ ಉಳಿದದ್ದು ಒಂದು ಪಟ್ಟೆ ಚೆಂಡು ಮತ್ತು ಆ ಕಪ್ಪು. ಅವರು ಅದನ್ನು ಎರಡು ನಿಮಿಷದಲ್ಲಿ ಮುಗಿಸುತ್ತಾರೆ.

ಚಿಕ್ಕಪ್ಪ ಕೋಲಿನ ತುದಿಗೆ ಸೀಮೆಸುಣ್ಣ ಸವರತೊಡಗಿದರು. ನೋಡಲು ಬಂದಿದ್ದ ಏಳು ಜನರಲ್ಲಿ ಆರು ಮಂದಿ ಎದ್ದು ಚಹಾ ಕುಡಿಯಲು ಕೆಳಗಿಳಿದರು. “ಬಾ, ಇನ್ನೊಂದು ಸುತ್ತು ಚಹಾ ಕುಡಿದು ಬಂದ್ರೂ ಅಲ್ಲೇ ಇರ್ತಾನೆ” ಎಂದರು ಹಲ್ಲಿನ ಡಾಕ್ಟರು. ಉಳಿದವರು ಸೆಕ್ರೆಟರಿ. ಅವರು ದಿನಪತ್ರಿಕೆ ಬಿಡಿಸಿದರು.

ಗಾರ್ಡ್ ಮಾವ ತಮ್ಮ ಕುರ್ಚಿಯಲ್ಲಿ, ಕೋಲನ್ನು ಮೊಣಕಾಲ ನಡುವೆ ಊರಿ, ಎರಡೂ ಕೈ ಅದರ ಮೇಲಿಟ್ಟು, ಕೈ ಮೇಲೆ ಗಲ್ಲ ಇಟ್ಟು ಕೂತರು. ಯಾವಾಗಲೂ ಹಾಗೆಯೇ ಕೂರುವರು.

ಚಿಕ್ಕಪ್ಪ ಮೇಜನ್ನು ಬಲಕ್ಕೆ ಸುತ್ತಿದರು. ಎಡಕ್ಕೆ ಸುತ್ತಿದರು. ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿದರು, ಆಮೇಲೆ ಇನ್ನೊಂದನ್ನು. ನಡುನಡುವೆ “ಏಳ್ಬೇಡಿ ಗಾರ್ಡಣ್ಣ, ಇನ್ನೊಂದ್ನಿಮಿಷ” ಎನ್ನುತ್ತಿದ್ದರು. ಗಾರ್ಡಣ್ಣ ಏಳಲಿಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಸೆಕ್ರೆಟರಿ ಮದುವೆಯ ಜಾಹೀರಾತುಗಳವರೆಗೆ ಓದಿ ಮುಗಿಸಿದರು.

ನಾಲ್ಕೂ ನಲವತ್ತೈದಕ್ಕೆ ಚಿಕ್ಕಪ್ಪ ಬಗ್ಗಿದರು. ರಬ್ಬರಿನ ದಾರಿಯೇ ಸರಿ ಎಂದು ಕೊನೆಗೂ ತೀರ್ಮಾನವಾಗಿತ್ತು. ಕೋಲನ್ನು ಹಿಂದಕ್ಕೆಳೆದರು. ಅದರ ಬುಡ ಹಿಂದಿದ್ದ ಮಾವನ ಮೊಣಕಾಲಿಗೆ ಮೆಲ್ಲಗೆ ತಾಗಿತು. ಮಾವನ ಕೈಯ ಕೋಲು ಜಾರಿ ನೆಲಕ್ಕೆ ಬಿದ್ದು, ಟಣಟಣ ಎಂದು ಉರುಳಿಕೊಂಡು ಹೋಯಿತು.

ಚಿಕ್ಕಪ್ಪ ಬಗ್ಗಿದ್ದಲ್ಲಿಂದಲೇ ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಹೇಳಿದರು: “ಗಾರ್ಡಣ್ಣ, ನಿಯಮ ಅನ್ನೋದು ಗೋಡೆ ಅಲಂಕಾರಕ್ಕಲ್ಲ. ಸೆಕ್ರೆಟರಿಯವ್ರೇ, ಬರ್ಕೊಳ್ಳಿ, ಕೋಲು ಬೀಳಿಸಿದ್ರು.”

ಸೆಕ್ರೆಟರಿ ಬರೆದುಕೊಳ್ಳಲು ಪೆನ್ನು ತೆಗೆದರು. ಆಗ ಕೋಲಿನ ಆಸರೆ ತಪ್ಪಿದ ಗಾರ್ಡ್ ಮಾವ, ತುಂಬ ನಿಧಾನವಾಗಿ, ಚಿಕ್ಕಪ್ಪನಿಗಿಂತಲೂ ನಿಧಾನವಾಗಿ, ಒಂದು ಕಡೆಗೆ ವಾಲಿದರು.

ಆಸ್ಪತ್ರೆಯಿಂದ ಬಂದ ಡಾಕ್ಟರು ನಾಡಿ ಹಿಡಿದು, ಹೃದಯ ಒಮ್ಮೆಲೇ ನಿಂತಿದೆ, ಕೂತಲ್ಲೇ ಹೋಗಿದ್ದಾರೆ, ಪಕ್ಕದಲ್ಲಿ ನಾನೇ ಇದ್ದಿದ್ದರೂ ಉಳಿಸಲಾಗುತ್ತಿರಲಿಲ್ಲ ಎಂದರು. ಆಮೇಲೆ ಕೈ ಬೆರಳು ಮುಟ್ಟಿ ನೋಡಿ, “ಹೋಗಿ ಅರ್ಧ ಗಂಟೆ ಆಗಿದೆಯಲ್ಲ” ಎಂದರು. ಅವರ ಮೊದಲನೆಯ ಮಾತು ಕೋಣೆಯಲ್ಲೇ ಉಳಿಯಿತು. ಎರಡನೆಯದು ಮೆಟ್ಟಿಲಿಳಿದು ಬೀದಿಗೆ ಹೋಯಿತು.

ಅದರ ಹಿಂದೆಯೇ ಪೇದೆಯೊಬ್ಬರು ಮೆಟ್ಟಿಲು ಹತ್ತಿ ಬಂದರು.

“ಇವ್ರು ಸಾಯೋವಾಗ ಸರದಿ ಯಾರ್ದು?”

“ನಂದು ಸರ್” ಎಂದರು ಚಿಕ್ಕಪ್ಪ.

“ಎಷ್ಟೊತ್ತು?”

“ಮೂವತ್ತೆಂಟು ನಿಮಿಷ” ಎಂದರು ಸೆಕ್ರೆಟರಿ, ನನ್ನ ಪುಸ್ತಕ ನೋಡಿ. “ಕ್ಲಬ್ಬಿನ ದಾಖಲೆ.”

“ಮೂವತ್ತೆಂಟು ನಿಮಿಷ ಏನ್ ಮಾಡ್ತಿದ್ರಿ?”

“ಯೋಚ್ನೆ ಸರ್. ಎರಡು ದಾರಿ ಇತ್ತು.”

ಪೇದೆ ಕುಳಿಯ ಬಾಯಲ್ಲಿದ್ದ ಕಪ್ಪು ಚೆಂಡನ್ನು ನೋಡಿದರು, ಚಿಕ್ಕಪ್ಪನನ್ನು ನೋಡಿದರು. “ಇದು ನನ್ನ ಸಣ್ಣ ಮಗಳೂ ಹಾಕ್ತಾಳೆ ಕಣ್ರೀ.”

“ಬಿಳಿದೂ ಬೀಳುತ್ತೆ ಸರ್.”

“ಮನುಷ್ಯನೇ ಬಿದ್ದೋದ್ನಲ್ಲ” ಎಂದು ಪೇದೆ ಪುಸ್ತಕ ಮುಚ್ಚಿದರು.

ಮರುದಿನ ಕ್ಷೌರದಂಗಡಿಯಲ್ಲಿ ಸುದ್ದಿಗೆ ಕೈಕಾಲು ಬಂದವು. ಎದುರಾಳಿ ಸತ್ತದ್ದು ಚಿಕ್ಕಪ್ಪನಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ‘ಏಳ್ಬೇಡಿ’ ಎನ್ನುತ್ತಿದ್ದ. ಕಪ್ಪಿಗಾಗಿ, ಅಂದರೆ ಆ ಬೆಳ್ಳಿ ಬಣ್ಣ ಬಳಿದ ತಗಡಿನ ಬಹುಮಾನದ ಕಪ್ಪಿಗಾಗಿ, ಹೆಣವನ್ನು ಕೂರಿಸಿಕೊಂಡು ಆಡಿದ. “ಅದೂ ಹೋಗ್ಲಿ” ಎಂದನಂತೆ ಕ್ಷೌರಿಕ, ಕತ್ತರಿ ನಿಲ್ಲಿಸಿ, “ಹೆಣದ ಜೊತೆ ಆಡಿದ್ರೂ ಗೆಲ್ಲೋಕಾಗ್ಲಿಲ್ವಲ್ಲ ಆ ಮನುಷ್ಯನ ಕೈಲಿ.”

ಕನ್ನಡಕದ ಅಂಗಡಿಗೆ ಬರುವವರು ಕಡಿಮೆಯಾದರು. ಬಂದ ಒಬ್ಬ ಹಿರಿಯ ಹೆಂಗಸು, ನಿವೃತ್ತ ಟೀಚರು, ಮಗಳನ್ನು ಕರೆತಂದು ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡರು. “ಐದೈದು ನಿಮಿಷಕ್ಕೆ ನನ್ನ ಮಾತಾಡಿಸ್ತಾ ಇರು. ಇವ್ರು ಅಕ್ಷರ ಓದಿ ಅಂತ ಹೇಳಿ ಗಾಜು ಒರೆಸ್ತಾ ನಿಂತ್ರೆ ನಾನು ಹೋಗಿದ್ದೂ ಗೊತ್ತಾಗಲ್ಲ.”

ಚಿಕ್ಕಪ್ಪನಿಗೊಂದು ಹೊಸ ಅಭ್ಯಾಸ ಹತ್ತಿತ್ತು. ಯಾರಾದರೂ ಎರಡು ನಿಮಿಷ ಸುಮ್ಮನೆ ಕೂತರೆ ಬಂದು ಮುಖ ನೋಡುವರು. ಊಟಕ್ಕೆ ಕೂತಾಗ ಅಡುಗೆಮನೆಯ ಕಡೆ ತಿರುಗಿ ಕೇಳುವರು: “ಇದ್ದೀಯಾ?”

“ಇದ್ದೀನಿ.”

ನಾಲ್ಕು ತುತ್ತಿಗೆ ಮತ್ತೆ: “ಇದ್ದೀಯಾ?”

“ಇದ್ದೀನಿ ಕಣ್ರೀ” ಎಂದರು ಚಿಕ್ಕಮ್ಮ ಒಳಗಿಂದ. “ನೀವು ಹೀಗೇ ಕೇಳ್ತಾ ಇದ್ರೆ ಎಷ್ಟು ದಿನ ಇರ್ತೀನೋ ಹೇಳಕ್ಕಾಗಲ್ಲ.”

ಆಮೇಲೆ ಚಿಕ್ಕಮ್ಮ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತರು. “ಪಕ್ಕದ ಮನೆಗೆ ಯಾವಾಗ ಹೋಗ್ತೀರಿ? ಅಂತ್ಯಕ್ರಿಯೆ ದಿನ ಗೇಟಿನ ಹೊರಗೇ ನಿಂತು ವಾಪಸ್ ಬಂದ್ರಿ. ಹದಿನಾಲ್ಕು ವರ್ಷದ ಸ್ನೇಹ. ಗಾರ್ಡಣ್ಣನ ಹೆಂಡ್ತಿ ಏನಂದ್ಕೊಳ್ಬೇಡ?”

“ಹೋಗಿ ಏನ್ ಹೇಳ್ಲಿ? ಅತ್ತಿಗೆ ಒಂದೇ ಒಂದು ಕೇಳ್ತಾರೆ. ಅವ್ರು ಹೋಗೋವಾಗ ಹೇಗಿದ್ರು ಅಂತ. ನಾನು ಆರಡಿ ದೂರದಲ್ಲಿ ನಿಂತಿದ್ದೆ, ನೋಡ್ಲಿಲ್ಲ ಅಂತ ಹೇಳ್ಲಾ?” ಎಂದರು ಚಿಕ್ಕಪ್ಪ. ತಟ್ಟೆಯಲ್ಲಿದ್ದುದನ್ನು ಮತ್ತೆ ಮುಟ್ಟಲಿಲ್ಲ.

ದಿನಾ ಬೆಳಿಗ್ಗೆ ಅಂಗಡಿಗೆ ಹೊರಟವರು ಆ ಗೇಟಿನ ಮುಂದೆ ನಿಲ್ಲುವರು. ಚಿಲಕದ ಮೇಲೆ ಕೈ ಇಡುವರು. ಹತ್ತು ನಿಮಿಷ, ಹದಿನೈದು ನಿಮಿಷ. ಎದುರು ಮನೆಯವರು ಹಲ್ಲುಜ್ಜುತ್ತ ನೋಡುವರು. “ಗೇಟಿಗೂ ಎರಡು ದಾರಿ ಇದೆಯೇನೋ” ಎಂದು ಒಬ್ಬರು ಅಂದದ್ದು ನನಗೇ ಕೇಳಿಸಿತು. ಆಮೇಲೆ ಕೈ ತೆಗೆದು ಅಂಗಡಿಗೆ ಹೋಗುವರು.

ಇತ್ತ ಕ್ಲಬ್ಬಿನ ಸಮಿತಿ ಮೂರು ಸಲ ಸೇರಿತು. ಇರುವುದೊಂದೇ ಟೇಬಲ್, ಆಡಲು ನಲವತ್ತು ಜನ.

“ಇದ್ರಲ್ಲಿ ಯೋಚ್ನೆ ಮಾಡೋದೇನಿದೆ?” ಎಂದರು ಹಲ್ಲಿನ ಡಾಕ್ಟರು. “ಎದುರಾಳಿ ಇಲ್ಲ ಅಂದ್ರೆ ಇರೋನು ಗೆದ್ದ. ಚೆಂಡು ತೆಗೆದು ಹೊಸ ಆಟ ಜೋಡ್ಸಿ.”

“ಎದುರಾಳಿ ಇಲ್ಲ ಅಂತ ಯಾರು ಹೇಳಿದ್ರು?” ಎಂದರು ಸೆಕ್ರೆಟರಿ. “ಇದ್ರು. ಕುರ್ಚಿಯಲ್ಲೇ ಇದ್ರು. ಕೂತಿರಬೇಕು, ಏಳಬಾರ್ದು, ಮಾತಾಡಬಾರ್ದು. ಎಲ್ಲಾ ಪಾಲಿಸಿದಾರೆ. ಜೀವ ಇರಬೇಕು ಅಂತ ನಿಯಮದಲ್ಲಿ ಎಲ್ಲೂ ಬರೆದಿಲ್ಲ.”

“ಹಾಗಾದ್ರೆ ಗಾರ್ಡೇ ಗೆದ್ದ ಅನ್ನಿ. ಇವ್ನು ಹೊತ್ತು ಮೀರಿದ.”

“ಹೊತ್ತಿಗೆ ಮಿತಿ ಎಲ್ಲಿದೆ? ಮಿತಿ ಇಡೋಣ ಅಂತ ಹೋದ ವರ್ಷ ನೀವೇ ತಂದ್ರಿ, ಒಂದು ವೋಟಲ್ಲಿ ಬಿದ್ದೋಯ್ತು.”

ಆ ಒಂದು ವೋಟು ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಮೂಲೆಯಲ್ಲಿ ಕೂತಿದ್ದ ಚಿಕ್ಕಪ್ಪನ ಕಡೆ ತಿರುಗಿದರು.

“ನನಗೆ ಗೆಲುವು ಬೇಡ” ಎಂದರು ಚಿಕ್ಕಪ್ಪ.

“ಬೇಡ ಅಂದ್ರೆ ಆಗಲ್ಲ ಸ್ವಾಮಿ, ಸೋಲೋದಕ್ಕೂ ಒಂದು ಹೊಡೆತ ಬೇಕು. ಸರದಿ ಇನ್ನೂ ನಿಮ್ಮದೇ” ಎಂದರು ಸೆಕ್ರೆಟರಿ.

ಕೊನೆಗೆ, ಮೃತರ ಪಕ್ಷದ ಅಭಿಪ್ರಾಯ ಕೇಳದೆ ತೀರ್ಮಾನಿಸುವುದು ನ್ಯಾಯವಲ್ಲವೆಂದು, ಗಾರ್ಡ್ ಮಾವನ ಹೆಂಡತಿಗೆ ಕ್ಲಬ್ಬಿನ ಮೊಹರು ಹಾಕಿದ ಒಂದು ಪತ್ರ ಹೋಯಿತು. ವಿಷಯ: ದಿವಂಗತ ಸದಸ್ಯರ ಪೂರ್ಣಗೊಳ್ಳದ ಆಟ. ಹೆಂಗಸಿಗೆ ಇಂಥ ಪತ್ರ ಕಳಿಸುತ್ತಾರೆಯೇ ಎಂದು ಚಿಕ್ಕಮ್ಮ ಸೆಕ್ರೆಟರಿಯನ್ನು ಬೀದಿಯಲ್ಲೇ ನಿಲ್ಲಿಸಿ ಕೇಳಿದರು. ಕಾರ್ಬನ್ ಪ್ರತಿ ಇಟ್ಟುಕೊಂಡಿದ್ದೇನೆ ಎಂದು ಸೆಕ್ರೆಟರಿ ಉತ್ತರಿಸಿದರು.

ಹದಿನೇಳನೆಯ ದಿನ ಸಂಜೆ ನಾಲ್ಕಕ್ಕೆ ಅತ್ತೆ ಮೆಟ್ಟಿಲು ಹತ್ತಿ ಬಂದರು. ಗಾರ್ಡ್ ಮಾವನ ಹೆಂಡತಿಯನ್ನು ನಾನು ಅತ್ತೆ ಎನ್ನುವುದು. ಹದಿನಾಲ್ಕು ವರ್ಷದಲ್ಲಿ ಅವರು ಕ್ಲಬ್ಬಿಗೆ ಬಂದದ್ದು ಅದೇ ಮೊದಲು. ಬಟ್ಟೆ ಹೊದಿಸಿದ ಮೇಜನ್ನು ನೋಡಿ ಒಂದು ಕ್ಷಣ ನಿಂತರು.

“ಅದನ್ನ ಮೊದ್ಲು ತೆಗೀರಿ” ಎಂದರು.

ತೆಗೆದರು. ನಲವತ್ತು ಜನ ಗೋಡೆಗೆ ಅಂಟಿ ನಿಂತರು. ಚಿಕ್ಕಪ್ಪ ಬಾಗಿಲ ಹತ್ತಿರ, ಓಡಿಹೋಗುವವರ ಹಾಗೆ.

“ಅವ್ರು ಎಲ್ಲಿ ಕೂತಿದ್ರು?”

ಸೆಕ್ರೆಟರಿ ಕುರ್ಚಿ ತೋರಿಸಿದರು. ಅತ್ತೆ ಅದರಲ್ಲಿ ಕೂತರು. ಗೋಡೆಯ ಮೇಲಿನ ನಿಯಮವನ್ನು ಮೊದಲಿಂದ ಕೊನೆಯವರೆಗೆ ಓದಿದರು. ಕೋಣೆಯಲ್ಲಿ ಯಾರೂ ಕೆಮ್ಮಲಿಲ್ಲ.

“ಯಾವ ಹೊತ್ತಿಗೆ ಹೋದ್ರು ಅಂತ ಯಾರಿಗಾದ್ರೂ ಗೊತ್ತಾ?”

ಯಾರಿಗೂ ಗೊತ್ತಿರಲಿಲ್ಲ. ನಾನು ಎದ್ದು ಹೋಗಿ ಪುಸ್ತಕ ಕೊಟ್ಟೆ. ಹೊಡೆತಗಳ ಸಮಯ ಬರೆಯುವ ಪುಟದ ಅಂಚಿನಲ್ಲಿ ಬೇಡದ್ದನ್ನೂ ಬರೆಯುವ ಚಾಳಿ ನನಗಿದೆ. ಅಂದಿನ ಅಂಚಿನಲ್ಲಿ ಹೀಗಿತ್ತು: ‘೪.೧೨. ಗಾರ್ಡ್ ಮಾವನ ಕನ್ನಡಕ ಮೂಗಿನ ತುದಿಗೆ ಜಾರಿದೆ. ಮೇಲಕ್ಕೆ ತಳ್ಳಿಕೊಂಡಿಲ್ಲ.’

ಅತ್ತೆ ಅದನ್ನು ಎರಡು ಸಲ ಓದಿ ಚಿಕ್ಕಪ್ಪನ ಕಡೆ ಚಾಚಿದರು. ಚಿಕ್ಕಪ್ಪ ಬಂದು ಓದಿದರು. ಆ ಕನ್ನಡಕ ಮಾಡಿಕೊಟ್ಟವರು ಅವರೇ. ಅದರ ಸ್ಕ್ರೂ ಸಡಿಲವಾಗಿತ್ತು. ಮಾವ ನಿಮಿಷಕ್ಕೆರಡು ಸಲ ಅದನ್ನು ಮೇಲಕ್ಕೆ ತಳ್ಳಿಕೊಳ್ಳುತ್ತಿದ್ದರು. ಬಿಗಿ ಮಾಡಿಕೊಡುತ್ತೇನೆ, ಇನ್ನೊಂದ್ನಿಮಿಷ ಎಂದು ಚಿಕ್ಕಪ್ಪ ಎರಡು ತಿಂಗಳಿಂದ ಹೇಳುತ್ತಿದ್ದರು. ಓದಿದವರು ಅಲ್ಲೇ ಮೇಜಿನ ಅಂಚು ಹಿಡಿದುಕೊಂಡರು.

“ಶುರುವಾಗಿ ಐದು ನಿಮಿಷಕ್ಕೆ” ಎಂದರು. “ಆಮೇಲೆ ಮೂವತ್ತಮೂರು ನಿಮಿಷ ನಾನು... ಅತ್ತಿಗೆ, ನಾನು ತಿರುಗಿ ನೋಡ್ಲಿಲ್ಲ. ಕೋಲು ಬಿದ್ದಾಗ ಬೈದೆ ಬೇರೆ.”

“ಬೈದ್ರಾ?”

“ಬೈದೆ.”

“ನಾಲ್ಕೂ ಹನ್ನೆರಡಕ್ಕೆ ನಾನೂ ಬೈತಾ ಇದ್ದೆ” ಎಂದರು ಅತ್ತೆ. “ಫೋನಲ್ಲಿ ನನ್ನ ತಂಗಿ ಹತ್ರ. ಮನೇಲಿ ನಲ್ಲಿ ಸೋರ್ತಾ ಇದೆ, ಇವ್ರು ಅಲ್ಲಿ ಕುರ್ಚೀಲಿ ನಿದ್ದೆ ಹೊಡೀತಿರ್ತಾರೆ ಅಂತ.” ಪುಸ್ತಕವನ್ನು ನನ್ನ ಕೈಗೆ ವಾಪಸ್ ಕೊಟ್ಟರು. “ಮೂವತ್ತು ವರ್ಷ ರಾತ್ರಿ ಗಾಡೀಲಿ ಡ್ಯೂಟಿ ಮಾಡಿದ ಮನುಷ್ಯ. ಹಾಸಿಗೇಲಿ ನಿದ್ದೆ ಬರ್ತಿರ್ಲಿಲ್ಲ. ಭಾನುವಾರ ಬಂದ್ರೆ ಬೇಗ ಬೇಗ ತಯಾರಾಗೋರು. ಯಾಕ್ರೀ ಅಷ್ಟು ಅವಸರ ಅಂದ್ರೆ, ‘ಇನ್ನೊಂದ್ನಿಮಿಷಂದು ಸರದಿ ಬಂದಾಗ ಒಳ್ಳೇ ನಿದ್ದೆ ಬರುತ್ತೆ ಕಣೇ’ ಅನ್ನೋರು.”

ಯಾರೋ ನಗಲು ಹೊರಟು ತಡೆದುಕೊಂಡರು. ಹಲ್ಲಿನ ಡಾಕ್ಟರು ಇರಬೇಕು.

ಅತ್ತೆ ಕೈಚೀಲದಿಂದ ಆ ಕನ್ನಡಕ ತೆಗೆದರು. ಎದ್ದು, ಅದನ್ನು ಕುರ್ಚಿಯ ಮೇಲೆ, ಮೇಜಿನ ಕಡೆ ಮುಖವಾಗಿ ಇಟ್ಟರು. “ಎದುರಾಳಿ ಕೂತಿದಾರೆ. ನಿಮ್ಮ ಸರದಿಯಂತೆ, ಹೊಡೀರಿ.”

ಚಿಕ್ಕಪ್ಪ ಕೋಲು ತೆಗೆದುಕೊಂಡರು. ನಲವತ್ತು ಜನವೂ ಒಂದೊಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಿಸಿ ದೀರ್ಘಕಾಲಕ್ಕೆ ಸಿದ್ಧರಾದರು. ಒಬ್ಬರು ನೆಲದ ಮೇಲೆ ಕೂತೇಬಿಟ್ಟರು. ನಾನು ಗಡಿಯಾರ ನೋಡಿ ಸಮಯ ಬರೆಯಲು ಪೆನ್ನಿನ ಮುಚ್ಚಳ ತೆಗೆದೆ.

ಮುಚ್ಚಳ ಕೈಯಲ್ಲಿರುವಾಗಲೇ ಠಕ್ ಎಂದಿತು. ಚಿಕ್ಕಪ್ಪ ಸೀಮೆಸುಣ್ಣ ಸವರಲಿಲ್ಲ, ಮೇಜು ಸುತ್ತಲಿಲ್ಲ, ಕಣ್ಣು ಮುಚ್ಚಲಿಲ್ಲ. ಬಗ್ಗಿದವರೇ ಹೊಡೆದುಬಿಟ್ಟರು, ನೇರಕ್ಕೆ, ಗಾರ್ಡ್ ಮಾವನ ಬ್ರೇಕಿನಷ್ಟು ಜೋರಾಗಿ. ಕೆಳಗೆ ಟೈರ್ ಅಂಗಡಿಯವರು ಹೊರಗೆ ಓಡಿ ಬಂದ ಸದ್ದು ಕೇಳಿಸಿತು. ಕಪ್ಪು ಕುಳಿಗೆ ಬಿತ್ತು. ಬಿಳಿ ಅದರ ಬೆನ್ನಿಗೇ ಹೋಗಿ ಅದೇ ಕುಳಿಗೆ ಬಿತ್ತು.

ಸೆಕ್ರೆಟರಿ ಟಾರ್ಚು ಹಾಕಿ ಕುಳಿಯೊಳಗೆ ನೋಡಿದರು. ಎರಡೂ ಇವೆ ಎಂದು ಖಚಿತಪಡಿಸಿಕೊಂಡು, ಗಂಟಲು ಸರಿಮಾಡಿ, ಕುರ್ಚಿಯ ಕಡೆ ತಿರುಗಿ ಕನ್ನಡಕಕ್ಕೆ ತಿಳಿಸಿದರು: “ಗಾರ್ಡ್ ಅವರು ಗೆದ್ದಿದ್ದಾರೆ.”

“ಥೂ, ಯೋಚ್ನೆ ಮಾಡದೆ ಹೊಡೆದ, ಅದಕ್ಕೇ ಹೋಯ್ತು” ಎಂದರು ಹಲ್ಲಿನ ಡಾಕ್ಟರು. ಊರೂ ಇವತ್ತಿಗೂ ಹಾಗೆಯೇ ಹೇಳುತ್ತದೆ. ಮೂವತ್ತೆಂಟು ನಿಮಿಷ ಯೋಚಿಸಿ, ಇದೊಂದನ್ನು ಮಾತ್ರ ಹೊಡೆಯಬಾರದೆಂದು ಚಿಕ್ಕಪ್ಪ ಬಿಟ್ಟಿದ್ದ ಹೊಡೆತ ಅದು.

ತಗಡಿನ ಕಪ್ಪನ್ನು ಅತ್ತೆಯ ಕೈಗೆ ಕೊಟ್ಟರು. ಅವರು ಅದನ್ನು ಎತ್ತಿ ನೋಡಿ ಚಿಕ್ಕಪ್ಪನ ಕೈಗೆ ಕೊಟ್ಟರು. “ಮೆಟ್ಟಿಲಿಳಿಯೋವಾಗ ಎರಡೂ ಕೈ ಬೇಕು ನನಗೆ. ಮನೆ ತನಕ ತನ್ನಿ.”

ಬೀದಿಯಲ್ಲಿ ಮುಂದೆ ಚಿಕ್ಕಪ್ಪ, ಒಂದು ಕೈಯಲ್ಲಿ ಕಪ್ಪು. ಹಿಂದೆ ಅತ್ತೆ, ಅವರ ಹಿಂದೆ ನಾನು. ಕ್ಷೌರಿಕ ಕತ್ತರಿ ನಿಲ್ಲಿಸಿ ಹೊರಗೆ ಬಂದು ನೋಡಿದ. ಗೇಟಿನ ಮುಂದೆ ಬಂದಾಗ ಚಿಕ್ಕಪ್ಪನ ಕೈ ಚಿಲಕದ ಮೇಲೆ ಹೋಯಿತು, ಅಲ್ಲೇ ನಿಂತಿತು. ಎದುರು ಮನೆಯ ಕಿಟಕಿ ತೆರೆಯಿತು.

“ದಿನಾ ಬೆಳಿಗ್ಗೆ ಹೀಗೇ ನಿಲ್ತೀರಿ” ಎಂದರು ಅತ್ತೆ ಹಿಂದಿನಿಂದ. “ಇವತ್ತು ತೆಗೀತಾರೇನೋ ಅಂತ ನಾನೂ ಒಳಗೆ ಕಿಟಕಿ ಹತ್ರ ನಿಂತಿರ್ತೀನಿ.”

ಚಿಕ್ಕಪ್ಪನ ಬಾಯಿ ತೆರೆಯಿತು. ಇನ್ನೊಂದು, ಎನ್ನುವಷ್ಟು ಹೊರಗೆ ಬಂತು.

“ತೆಗೀರಿ” ಎಂದರು ಅತ್ತೆ. “ನನ್ನ ಮನೆ ಅದು. ನಾನೂ ಒಳಗೆ ಹೋಗ್ಬೇಕು. ನಲ್ಲಿ ಇನ್ನೂ ಸೋರ್ತಾ ಇದೆ.”